ನಮ್ಮ ಲಾರಿಯ ನೀರಡಿಕೆ

ನಮ್ಮ ಮನೆಯಲ್ಲಿ ಎಲ್ಲರಿಗಿಂತಲೂ ಹೆಚ್ಚಾಗಿ ನೀರು ಕುಡಿಯುವವರು ಯಾರೆಂದು 2022ನೆಯ ಇಸವಿಯ ಬೇಸಿಗೆಗೆ ಮೊದಲು ಯಾರಾದರೂ ಕೇಳಿದ್ದರೆ, ಹಿತ್ತಲಿನ ಬೇವಿನ ಮರದ ನೆರಳಿನಲ್ಲಿ ನಿಂತಿರುತ್ತಿದ್ದ ನಮ್ಮ ಲಾರಿಯನ್ನು ತೋರಿಸುತ್ತಿದ್ದೆವು. ಎಮ್ಮೆಗೆ ಎರಡು ಹೊತ್ತು ನೀರಾದರೆ ಅದಕ್ಕೆ ಮೂರು ಹೊತ್ತು. ಹೊರಡುವಾಗ ಒಮ್ಮೆ, ನಡುದಾರಿಯಲ್ಲಿ ಒಮ್ಮೆ, ಸರಕನ್ನು ಇಳಿಸಿದ ಬಳಿಕ ಒಮ್ಮೆ ಅದರ ಬಾಯಿಗೆ ನೀರು ಹೊಯ್ಯುವುದು ದಿನಚರಿಯೇ ಆಗಿಹೋಗಿದ್ದಿತು. ರಾಯಚೂರಿನ ಬಿಸಿಲನ್ನು ಬಲ್ಲವರು ಇದಕ್ಕೆ ಆಶ್ಚರ್ಯಪಡಲಾರರು. ಮೇ ತಿಂಗಳಿನಲ್ಲಿ ಉಷ್ಣತೆಯು 40 ಡಿಗ್ರಿಯನ್ನು ಮೀರುವ ಈ ನೆಲದಲ್ಲಿ ಮನುಷ್ಯರೇ ಬಾಯಾರಿ ಬಳಲುವಾಗ ಕಬ್ಬಿಣದ ಯಂತ್ರಕ್ಕೂ ನೀರಡಿಕೆಯಾಗುವುದು ಸಹಜವೆಂದೇ ನಾವು ತಿಳಿದಿದ್ದೆವು. ಆ ತಿಳುವಳಿಕೆಗೆ ನಾವು ತೆತ್ತ ಬೆಲೆಯನ್ನು ಇಲ್ಲಿ ಹೇಳಿಕೊಳ್ಳಬೇಕೆಂದಿದ್ದೇವೆ. ಲಾರಿಯ ಸಮಾಚಾರವು ಗೃಹಸ್ಥರು ಓದುವ ಪತ್ರಿಕೆಗೇಕೆ ಎಂದು ವಾಚಕರು ಕೇಳಬಹುದು. ಮನೆಯಾಕೆಯ ಕೈಯಲ್ಲಿದ್ದ ಬಿಲ್ವಾರಗಳೂ ಪಾಟ್ಲಿಗಳೂ ಅದರ ಯಂತ್ರದೊಳಕ್ಕೆ ಹೋಗಿ ಕುಳಿತ ಮೇಲೆ ಅದು ಗೃಹಕೃತ್ಯದ ವಿಷಯವೇ ಆಯಿತೆಂದು ನಮ್ಮ ಉತ್ತರ.

ಹತ್ತು ಗಾಲಿಗಳ ಈ ಲಾರಿಯನ್ನು ನಾವು 2014ರಲ್ಲಿ ಸಾಲಮಾಡಿ ಕೊಂಡೆವು. ತುಂಗಭದ್ರೆಯ ಎಡದಂಡೆಯ ಕಾಲುವೆಯು ನೀರುಣಿಸುವ ಮಾನ್ವಿಯ ಸೀಮೆಯಿಂದ ಬತ್ತವನ್ನು ರಾಯಚೂರಿನ ಅಕ್ಕಿಯ ಗಿರಣಿಗಳಿಗೆ ತರುವುದು, ದೇವದುರ್ಗದ ಕಡೆಯಿಂದ ಹತ್ತಿಯನ್ನು ರಾಯಚೂರಿನ ಮಾರುಕಟ್ಟೆಗೆ ಮುಟ್ಟಿಸುವುದು, ಇವೇ ಅದರ ಮುಖ್ಯ ಕೆಲಸಗಳು. ಅದನ್ನು ನಡೆಸುತ್ತಿರುವವರು ನಮ್ಮ ತಂದೆಯವರ ಕಾಲದಿಂದಲೂ ನಮ್ಮ ಮನೆಯ ಗಾಡಿಗಳನ್ನು ನಡೆಸಿಕೊಂಡು ಬಂದವರು. ನಾವು ಅವರನ್ನು ‘ಕಾಕಾ’ ಎಂದು ಬಹುವಚನದಿಂದ ಕರೆಯುವುದು, ಅವರು ನಮ್ಮನ್ನು ‘ತಮ್ಮಾ’ ಎನ್ನುವುದು ವಾಡಿಕೆ. ಸಂಬಳ ಕೊಡುವವರು ನಾವಾದರೂ ಈ ವಾಡಿಕೆಯಲ್ಲಿ ಕೊರತೆಯೇನೂ ಬಂದಿರಲಿಲ್ಲ. ಈ ಸಣ್ಣ ಸಂಗತಿಯನ್ನು ವಾಚಕರು ನೆನಪಿನಲ್ಲಿಡಬೇಕೆಂದು ಬೇಡುತ್ತೇವೆ.

ಲಾರಿಗೆ ಹೊಯ್ಯುತ್ತಿದ್ದ ನೀರಾದರೂ ಎಂಥದು! ದೇವದುರ್ಗಕ್ಕೆ ಹೋಗುವಾಗ ಗಬ್ಬೂರಿನ ಹತ್ತಿರ ಒಂದು ಕೊಳವೆ ಬಾವಿಯದು. ಮಾನ್ವಿಯ ದಾರಿಯಲ್ಲಿ ಕಲ್ಲೂರಿನ ಹೋಟೆಲಿನ ಮುಂದಿನ ತೊಟ್ಟಿಯದು. ಮಳೆಗಾಲವಾದರೆ ಕಾಲುವೆಯ ಕೆಂಪು ನೀರು. ನಮ್ಮ ಜಿಲ್ಲೆಯ ಅನೇಕ ಕೊಳವೆ ಬಾವಿಗಳಲ್ಲಿ ಫ್ಲೋರೈಡೂ ಸುಣ್ಣದ ಅಂಶವೂ ಹೆಚ್ಚೆಂಬುದು ಶಾಲೆಯ ಮಕ್ಕಳಿಗೂ ಗೊತ್ತಿರುವ ಮಾತು. ಅದಕ್ಕಾಗಿಯೇ ನಾವು ಕುಡಿಯಲಿಕ್ಕೆ ಶುದ್ಧಮಾಡಿದ ನೀರಿನ ಕ್ಯಾನನ್ನು ದುಡ್ಡು ಕೊಟ್ಟು ತರಿಸುತ್ತೇವೆ. ಬಚ್ಚಲ ಹಂಡೆಯ ಒಳಮೈಗೆ ವರ್ಷಕ್ಕೊಮ್ಮೆ ಬೆರಳಿನ ದಪ್ಪ ಸುಣ್ಣ ಕಟ್ಟುವುದನ್ನೂ, ಮನೆಯಾಕೆಯು ಹುಣಸೆಹಣ್ಣು ಹಚ್ಚಿ ಅದನ್ನು ಕೆರೆದು ತೆಗೆಯುವುದನ್ನೂ ಕಣ್ಣಾರೆ ಕಂಡಿದ್ದೇವೆ. ಇಷ್ಟೆಲ್ಲ ಕಂಡವರು, ಹಂಡೆಗಿಂತ ನೂರು ಪಾಲು ಸೂಕ್ಷ್ಮವಾದ ದಾರಿಗಳುಳ್ಳ ಯಂತ್ರಕ್ಕೆ ಅದೇ ನೀರನ್ನು ಎಂಟು ವರ್ಷ ಕುಡಿಸಿದೆವು. ಕೊಂಡಾಗ ಅದರಲ್ಲಿದ್ದ ಹಸಿರು ಕೂಲೆಂಟು ಸೋರಿ ಸೋರಿ, ನೀರು ಬೆರೆತು ಬೆರೆತು, ಯಾವಾಗ ತನ್ನ ಬಣ್ಣವನ್ನು ಕಳೆದುಕೊಂಡಿತೋ ನಮಗೆ ತಿಳಿಯದು.

ಕಾಕಾ ಅವರು ಹೇಳಿರಲಿಲ್ಲವೆಂದಲ್ಲ. “ತಮ್ಮಾ, ಗಾಡಿ ನೀರು ಬಾಳ ಕುಡಿಯಾಕತ್ತೈತಿ. ಎಲ್ಲಿಗಿ ಹೊಂಟೈತಿ ನೋಡಿಸೋಣು” ಎಂದು ಆ ಚಳಿಗಾಲದಲ್ಲಿ ಒಮ್ಮೆ ಅಲ್ಲ, ಮೂರು ಸಲ ಹೇಳಿದ್ದರು. ಹತ್ತಿಯ ಕಾಲ, ಒಂದು ದಿನ ಲಾರಿ ನಿಂತರೆ ಒಂದು ದಿನದ ಬಾಡಿಗೆ ಹೋಯಿತು. “ನೀರಿಗೇನು ಬರವೇ ಕಾಕಾ, ಹೊಯ್ದುಕೊಂಡು ಹೋಗಿರಿ” ಎಂದು ನಾವು ನಕ್ಕೆವು. ರೇಡಿಯೇಟರಿನ ಮುಚ್ಚಳದ ಸ್ಪ್ರಿಂಗು ಸತ್ತುಹೋಗಿ ಅದಕ್ಕೆ ಬಟ್ಟೆ ಸುತ್ತಿ ಕೂಡಿಸಲಾಗಿತ್ತು. ಯಂತ್ರದ ಬಿಸಿಯನ್ನು ಹದದಲ್ಲಿಡುವ ಥರ್ಮೋಸ್ಟಾಟ್ ಎಂಬ ಚಿಕ್ಕ ಬಾಗಿಲನ್ನು, ‘ಈ ಬಿಸಿಲಿನೂರಿಗೆ ಅದು ಬೇಡ’ ಎಂದು ಹಿಂದೊಂದು ಗ್ಯಾರೇಜಿನವರು ಕಿತ್ತೆಸೆದಿದ್ದರು. ನಾವು ಅದಕ್ಕೆ ಒಪ್ಪಿದ್ದೆವು. ರೇಡಿಯೇಟರಿನ ಬೆಸುಗೆಯಲ್ಲಿ ಸಣ್ಣ ಸೋರಿಕೆ ಕಂಡಾಗ, ದಾರಿಯ ಚಾಲಕರಲ್ಲಿ ರೂಢಿಯಲ್ಲಿರುವ ಔಷಧವಾಗಿ ಅರಿಶಿಣದ ಪುಡಿಯನ್ನು ಹಾಕಿಸಿದೆವು. ಪುಡಿಯು ನೀರಿನೊಡನೆ ಸುತ್ತಿ ಸೀಳಿನಲ್ಲಿ ಕೂತು ಅದನ್ನು ಮುಚ್ಚುವುದು ನಿಜ. ಆ ಅರಿಶಿಣವನ್ನು ಅಡಿಗೆಮನೆಯ ಡಬ್ಬಿಯಿಂದ ಅಳೆದುಕೊಟ್ಟವರು ನಮ್ಮ ಮನೆಯವರೇ.

ರಾಯಚೂರಿನ ಕೋಟೆಯ ಗೋಡೆಯಲ್ಲಿ 1294ನೆಯ ಇಸವಿಯ ಶಾಸನವುಳ್ಳ, ಸುಮಾರು 41 ಅಡಿ ಉದ್ದದ ಒಂದೇ ಕಲ್ಲಿದೆ. ಅದರ ಬಳಿಯಲ್ಲಿಯೇ, ಆ ಮಹಾಶಿಲೆಯನ್ನು ಬಂಡಿಯ ಮೇಲೇರಿಸಿ ಎಳೆತರುವ ಚಿತ್ರವನ್ನೂ ಕೊರೆದಿದ್ದಾರೆ. ಅದನ್ನು ಕಂಡಾಗಲೆಲ್ಲ ಎಳೆದ ಪ್ರಾಣಿಗಳ ನೆನಪು ನಮಗೆ ಬರುತ್ತದೆ. ಅವು ದಣಿದರೆ ನಿಲ್ಲುತ್ತವೆ, ನೊರೆ ಕಾರುತ್ತವೆ, ಯಜಮಾನನಿಗೆ ಗೊತ್ತಾಗುತ್ತದೆ. ಯಂತ್ರವೂ ತನ್ನ ನೋವನ್ನು ಹೇಳುತ್ತದೆ. ಆದರೆ ಅದು ಹೇಳುವುದು ತನ್ನೊಡನೆ ಹದಿನಾಲ್ಕು ತಾಸು ಕುಳಿತಿರುವ ಚಾಲಕನಿಗೆ ಮಾತ್ರ.

2022ರ ಏಪ್ರಿಲಿನಲ್ಲಿ ಬೇಸಿಗೆಯ ಬೆಳೆಯ ಬತ್ತದ ಒಕ್ಕಣೆ ನಡೆದಿದ್ದಿತು. ಮಾನ್ವಿಯಲ್ಲಿ ಮೂಟೆಗಳನ್ನು ಹೇರಿಕೊಂಡು ಮಧ್ಯಾಹ್ನ ಹೊರಟ ಲಾರಿ ನೀರಮಾನ್ವಿಯ ಬಳಿ ನಿಂತುಹೋಯಿತು. ಹೆಸರಿನಲ್ಲಿಯೇ ನೀರುಳ್ಳ ಊರಿನ ಮುಂದೆ ನೀರಿಲ್ಲದೆ ನಿಂತದ್ದನ್ನು ನೆನೆದು ಈಗ ನಗು ಬರುತ್ತದೆ, ಅಂದು ಬರಲಿಲ್ಲ. ಕಾಕಾ ಅವರು ದೂರವಾಣಿಯಲ್ಲಿ ತಿಳಿಸಿದರು: ಮುಳ್ಳು ಕೆಂಪು ಗೆರೆಯನ್ನು ದಾಟಿದೆ, ಹೊಗೆಯ ಕೊಳವೆಯಿಂದ ಬಿಳಿಯ ಆವಿ ಬಂದಿದೆ, ಎಣ್ಣೆಯ ಕಡ್ಡಿಯನ್ನು ಎಳೆದು ನೋಡಿದರೆ ಎಣ್ಣೆಯು ಹಾಲು ಬೆರೆಸಿದ ಚಹದಂತಾಗಿದೆ, ಆದುದರಿಂದ ತಾವು ಯಂತ್ರವನ್ನು ಮತ್ತೆ ಪ್ರಾರಂಭಿಸುವುದಿಲ್ಲ, ಟ್ರ್ಯಾಕ್ಟರಿನಿಂದ ಎಳೆಸಿಕೊಂಡೇ ಬರಬೇಕು. ಗಿರಣಿಯವರು ಒಂದೇ ಸಮನೆ ಕೇಳುತ್ತಿದ್ದರು. ಮೂಟೆಗಳು ಆ ಸಂಜೆಯೇ ಇಳಿಯಬೇಕಾಗಿದ್ದಿತು. ತಣ್ಣೀರು ಹೊಯ್ದು ಹೇಗಾದರೂ ಬರಬೇಕೆಂದು ನಾವು ಹಟ ಹಿಡಿದೆವು. “ಕಾದ ಇಂಜಿನಿಗೆ ಈಗ ತಣ್ಣೀರು ಹಾಕಿದ್ರ ಹೆಡ್ ಸೀಳತೈತಿ, ತಮ್ಮಾ” ಎಂದರು. ನಮ್ಮ ಬಾಯಿಂದ ಆಗ ಬಂದ ಮಾತನ್ನು ಇದ್ದಂತೆಯೇ ಬರೆಯುತ್ತೇವೆ: “ನೀ ನನಗ ಹೇಳಿಕೊಡಬ್ಯಾಡ. ನೋಡಿಕೊಳ್ಳಾಕ ಆಗದಿದ್ರ ಗಾಡಿ ಯಾಕ ಹಿಡಿತಿ?”

ಆ ‘ನೀ’ ಎಂಬ ಒಂದು ಅಕ್ಷರವು ನಲವತ್ತು ವರ್ಷದ ವಾಡಿಕೆಯನ್ನು ಮುರಿಯಿತು. ಅತ್ತಲಿಂದ ಸ್ವಲ್ಪ ಹೊತ್ತು ಮಾತಿಲ್ಲ. ಅನಂತರ “ಟ್ರ್ಯಾಕ್ಟರ್ ನೋಡತೇನ್ರಿ, ಸಾವ್ಕಾರ್ರ” ಎಂದಷ್ಟೇ ಬಂದಿತು. ರಾತ್ರಿ ಹತ್ತಕ್ಕೆ ಲಾರಿಯು ಎಳೆಸಿಕೊಂಡು ಬಂದು ಗ್ಯಾರೇಜಿನ ಮುಂದೆ ನಿಂತಿತು. ಅವರು ಬೀಗದ ಕೈಯನ್ನು ನಮ್ಮ ಕೈಗೆ ಕೊಡದೆ ಕಟ್ಟೆಯ ಮೇಲಿಟ್ಟು ಮನೆಗೆ ಹೋದರು.

ಮೂರನೆಯ ದಿನ ಯಂತ್ರವನ್ನು ಬಿಚ್ಚಿದರು. ಆ ದೃಶ್ಯವನ್ನು ನಾವು ಮರೆಯಲಾರೆವು. ರೇಡಿಯೇಟರಿನ ಕೊಳವೆಗಳಲ್ಲಿ ಅರ್ಧಕ್ಕೆ ಹತ್ತಿರ ಅರಿಶಿಣ ಬೆರೆತ ಸುಣ್ಣದ ಗಾರೆಯಿಂದ ಮುಚ್ಚಿಹೋಗಿದ್ದವು. ವಾಟರ್ ಪಂಪಿನ ಕೆಳಗೆ ಒಂದು ಸಣ್ಣ ರಂಧ್ರವಿರುತ್ತದೆ. ಒಳಗಿನ ಸೀಲು ಸವೆದಾಗ ನೀರು ಅಲ್ಲಿ ಹನಿಯಾಗಿ ಬಂದು ಯಜಮಾನನಿಗೆ ತಿಳಿಸಲೆಂದೇ ಅದನ್ನು ಇಟ್ಟಿರುತ್ತಾರೆ. ನಮ್ಮ ಪಂಪಿನಲ್ಲಿ ಆ ಹನಿಯು ಬಹುಕಾಲ ತೊಟ್ಟಿಕ್ಕಿ ಬಿಳಿಯ ಗೆರೆಯೊಂದನ್ನು ಎಳೆದಿದ್ದಿತು. ಆದರೆ ನಿಜವಾದ ಅನರ್ಥವು ಒಳಗಿದ್ದಿತು. ಉಸ್ತಾದರು ಲೈನರನ್ನು ಹೊರಕ್ಕೆಳೆದು ನಮ್ಮ ಮುಂದೆ ಹಿಡಿದರು. ಲೈನರೆಂದರೆ ಪಿಸ್ಟನ್ ಓಡಾಡುವ ಕಬ್ಬಿಣದ ಕೊಳವೆ. ಇಂಥ ಡೀಸೆಲ್ ಯಂತ್ರಗಳಲ್ಲಿ ಅದರ ಹೊರಮೈಗೆ ನೀರು ನೇರವಾಗಿ ತಾಗಿರುತ್ತದೆ. ಆ ಹೊರಮೈಯ ಒಂದು ಪಕ್ಕದಲ್ಲಿ, ಹಕ್ಕಿಯು ಕೊಕ್ಕಿನಿಂದ ಕುಕ್ಕಿದ ಹಣ್ಣಿನಂತೆ, ಸಾಸಿವೆಯಷ್ಟು ಸಣ್ಣ ಕುಳಿಗಳು ಒತ್ತಾಗಿದ್ದವು. ಅವುಗಳಲ್ಲಿ ಎರಡು ಆರಪಾರವಾಗಿದ್ದವು.

ನೀರು ಕಬ್ಬಿಣವನ್ನು ಕುಕ್ಕುವ ಬಗೆಯನ್ನು ಅವರು ಹೇಳಿದಂತೆ ಹೇಳುತ್ತೇವೆ. ಒಳಗೆ ಇಂಧನವು ಸ್ಫೋಟವಾದಾಗಲೆಲ್ಲ ಲೈನರು ಗಂಟೆಯಂತೆ ನಡುಗುತ್ತದೆ. ನಡುಗುವಾಗ ಅದರ ಗೋಡೆಯು ನೀರಿನಿಂದ ಕ್ಷಣಮಾತ್ರ ಹಿಂದಕ್ಕೆ ಸರಿಯುವುದರಿಂದ ಆ ಎಡೆಯಲ್ಲಿ ಆವಿಯ ಸಣ್ಣ ಗುಳ್ಳೆಗಳು ಹುಟ್ಟುತ್ತವೆ. ಗೋಡೆಯು ಮರಳಿ ಬಂದೊಡನೆ ಅವು ಒಡೆದು ಲೋಹಕ್ಕೆ ಸುತ್ತಿಗೆಯ ಪೆಟ್ಟು ಕೊಡುತ್ತವೆ. ನಿಮಿಷಕ್ಕೆ ಸಾವಿರಗಟ್ಟಲೆ ಪೆಟ್ಟು; ವರ್ಷಗಟ್ಟಲೆ ಪೆಟ್ಟು. ಯೋಗ್ಯವಾದ ಕೂಲೆಂಟಿನಲ್ಲಿರುವ ರಕ್ಷಕ ದ್ರವ್ಯಗಳು ಲೋಹದ ಮೇಲೆ ತೆಳುವಾದ ಪೊರೆಯನ್ನು ಹೊದಿಸಿ ಆ ಪೆಟ್ಟುಗಳನ್ನು ತಾವು ತಿನ್ನುತ್ತವೆ, ಪೊರೆಯು ಹರಿದಲ್ಲಿ ಮತ್ತೆ ಹೊಲಿಯುತ್ತವೆ. ಗಬ್ಬೂರಿನ ಬಾವಿಯ ನೀರಿಗೆ ಆ ವಿದ್ಯೆ ಬಾರದು. ಲೈನರು ತೂತಾದ ಮೇಲೆ ನೀರು ಒಳಕ್ಕೆ ಜಿನುಗಿ, ಉರಿದಷ್ಟು ಬಿಳಿಯ ಆವಿಯಾಗಿ ಹೊರಬಿದ್ದು, ಉಳಿದದ್ದು ಎಣ್ಣೆಯಲ್ಲಿ ಕಲಸಿತು. ಹೀಗೆ ನಮ್ಮ ಲಾರಿಯು ನೀರು ‘ಕುಡಿಯುತ್ತಿದ್ದುದು’ ಬರಿಯ ಉಪಮೆಯಾಗಿರಲಿಲ್ಲ.

ನಾವು ತಲೆತಗ್ಗಿಸಿ ನಿಂತಿದ್ದೆವು. ಉಸ್ತಾದರು ಕೈಯೊರಸಿಕೊಳ್ಳುತ್ತ, “ನಿಮ್ಮ ಡ್ರೈವರ್ ಅಣ್ಣನ ಕೈಮುಗೀರಿ. ಅವತ್ತು ಗಾಡಿ ಮತ್ತ ಚಾಲೂ ಮಾಡಿದ್ರ, ಆ ಹಾಳಾದ ಎಣ್ಣೆಯೊಳಗ ಬೇರಿಂಗ್ ಕುಂತು ಕ್ರ್ಯಾಂಕೂ ಹೋಗ್ತಿತ್ತು. ಇಂಜಿನ್ನ ತೂಕಕ್ಕ ಹಾಕಬೇಕಾಗ್ತಿತ್ತು” ಎಂದರು. ಕಾಕಾ ಅವರು ಅಲ್ಲಿಯೇ ಹಲಗೆಯ ಮೇಲೆ ಕುಳಿತಿದ್ದರು. ಅವರ ಮುಂಗೈಯಲ್ಲಿ ಹಳೆಯ ಸುಟ್ಟ ಕಲೆಯೊಂದಿದೆ. ಪ್ರಾಯದಲ್ಲಿ ಕಾದ ರೇಡಿಯೇಟರಿನ ಮುಚ್ಚಳವನ್ನು ತೆರೆಯಲು ಹೋಗಿ ಚಿಮ್ಮಿದ ನೀರಿನ ಗುರುತು. ಅದನ್ನು ಇಪ್ಪತ್ತು ವರ್ಷದಿಂದ ಕಂಡಿದ್ದರೂ ಅದರಿಂದ ಅವರು ಏನನ್ನು ಕಲಿತಿದ್ದಾರೆಂದು ನಾವು ಕೇಳಿರಲಿಲ್ಲ. ತಪ್ಪಾಯಿತೆಂದು ಹೇಳಿದೆವು. “ಚಾ ಕುಡಿಯೋಣು ಬರ್ರಿ, ಸಾವ್ಕಾರ್ರ” ಎಂದರು. ಮಾತು ಸೌಮ್ಯವಾಗಿಯೇ ಇದ್ದಿತು. ಸಂಬೋಧನೆ ಮಾತ್ರ ಬದಲಾಗಲಿಲ್ಲ.

ಯಂತ್ರದ ದುರಸ್ತಿಗೆ ಒಂದು ಲಕ್ಷ ನಲವತ್ತು ಸಾವಿರ ರೂಪಾಯಿಗಳು ಹಿಡಿದವು. ಹತ್ತೊಂಬತ್ತು ದಿನಗಳ ಬಾಡಿಗೆಯು ಬೇರೆ. ಬ್ಯಾಂಕಿನ ಕಂತು ನಿಲ್ಲುವಂತಿರಲಿಲ್ಲ. ಮಗಳ ಕಾಲೇಜಿನ ಹಣವನ್ನು ಜೂನಿನಲ್ಲಿ ಕಟ್ಟಬೇಕಾಗಿದ್ದಿತು. ಮನೆಯಾಕೆಯು ಒಂದು ಮಾತನ್ನೂ ಆಡದೆ ಎರಡು ಬಿಲ್ವಾರಗಳನ್ನೂ ಎರಡು ಪಾಟ್ಲಿಗಳನ್ನೂ ಕರವಸ್ತ್ರದಲ್ಲಿ ಕಟ್ಟಿಕೊಟ್ಟಳು. ಮೇಲಾಗಿ ಬೈದಿದ್ದರೆ ನಮಗೆ ಹಗುರವಾಗುತ್ತಿತ್ತು.

ಈಗ ಕೂಲೆಂಟಿನ ವಿಚಾರಕ್ಕೆ ಬರೋಣ. ಡೀಸೆಲಿನಲ್ಲಿರುವ ಶಕ್ತಿಯಲ್ಲಿ, ಸ್ಥೂಲವಾಗಿ ಹೇಳುವುದಾದರೆ, ಮೂರರಲ್ಲೊಂದು ಪಾಲಿಗಿಂತ ಸ್ವಲ್ಪ ಹೆಚ್ಚು ಗಾಲಿಗಳನ್ನು ತಿರುಗಿಸುವ ಕೆಲಸಕ್ಕೆ ಬರುತ್ತದೆ, ಉಳಿದುದು ಬಿಸಿ. ಅದರಲ್ಲಿ ಒಂದಂಶ ಹೊಗೆಯೊಡನೆ ಹೋಗುತ್ತದೆ. ಇನ್ನೊಂದು ದೊಡ್ಡ ಅಂಶವನ್ನು ಈ ದ್ರವವು ಹೊತ್ತುಕೊಂಡು ರೇಡಿಯೇಟರಿಗೆ ಹೋಗಿ ಗಾಳಿಗೆ ಒಪ್ಪಿಸಿ ಮರಳಬೇಕು. ನೀರು 100 ಡಿಗ್ರಿಗೆ ಕುದಿಯುವುದು. ಎಥಿಲೀನ್ ಗ್ಲೈಕಾಲ್ ಎಂಬ ದ್ರವವನ್ನು ಅರ್ಧಕ್ಕರ್ಧ ಬೆರೆಸಿದರೆ ಅದು ಸುಮಾರು 108ಕ್ಕೆ ಕುದಿಯುವುದು. ಮೇಲಿನ ಮುಚ್ಚಳವು ಒತ್ತಡವನ್ನು ಸರಿಯಾಗಿ ಹಿಡಿದರೆ, ಚೌಕ ಅಂಗುಲಕ್ಕೆ ಹದಿನೈದು ಪೌಂಡಿನ ಒತ್ತಡದಲ್ಲಿ, 125ನ್ನೂ ಮೀರಿದ ಮೇಲೆಯೇ ಕುದಿಯುವುದು. ಮನೆಯ ಕುಕ್ಕರು ಮಾಡುವುದೂ ಇದನ್ನೇ. ಸೀಟಿಯ ಜಾಗಕ್ಕೆ ಬಟ್ಟೆ ತುರುಕಿ ಕುಕ್ಕರಿನಲ್ಲಿ ಬೇಳೆ ಬೇಯಿಸಲು ಹೊರಟವರನ್ನು ನಮ್ಮ ಹೆಂಗಸರು ಏನೆಂದಾರು? ನಾವು ಲಾರಿಯಲ್ಲಿ ಎರಡು ವರ್ಷ ಮಾಡಿದುದು ಅದನ್ನೇ. ಇನ್ನು ಆ ಥರ್ಮೋಸ್ಟಾಟಿನ ಬಾಗಿಲು. ಅದು ಯಂತ್ರವು ಸುಮಾರು 80 ಡಿಗ್ರಿಗೆ ಬಿಸಿಯಾದ ಮೇಲೆ ರೇಡಿಯೇಟರಿನ ದಾರಿಯನ್ನು ತೆರೆಯುವುದಲ್ಲದೆ, ಅನೇಕ ಯಂತ್ರಗಳಲ್ಲಿ ಅಡ್ಡದಾರಿಯನ್ನೂ ಮುಚ್ಚುತ್ತದೆ. ಅದನ್ನು ಕಿತ್ತರೆ ನೀರಿನಲ್ಲಿ ಒಂದು ಪಾಲು ತಣ್ಣಗಾಗದೆಯೇ ಸುತ್ತುತ್ತಿರುತ್ತದೆ. ತಂಪಿಗಾಗಿ ಕಿತ್ತದ್ದು ತಾಪಕ್ಕೆ ಕಾರಣವಾಯಿತು.

ಸುಣ್ಣದ ಲೆಕ್ಕವು ಇನ್ನೂ ಸರಳ. ಆವಿಯಾಗಿ ಹೋಗುವುದು ನೀರು ಮಾತ್ರ. ಅದರಲ್ಲಿದ್ದ ಸುಣ್ಣ ಉಪ್ಪುಗಳು ಒಳಗೇ ಉಳಿಯುತ್ತವೆ. ಲೀಟರಿಗೆ ಒಂದು ಗ್ರಾಮೆಂದೂ, ದಿನಕ್ಕೆ ಮೂರು ಲೀಟರು ಆವಿಯಾಯಿತೆಂದೂ, ವರ್ಷಕ್ಕೆ ಮುನ್ನೂರು ದಿನ ಲಾರಿ ಓಡಿತೆಂದೂ ಇಟ್ಟುಕೊಂಡರೆ, ವರ್ಷಕ್ಕೆ ಒಂಬೈನೂರು ಗ್ರಾಂ ಸುಣ್ಣವನ್ನು ನಾವೇ ಕೈಯಾರೆ ಯಂತ್ರಕ್ಕೆ ತಿನ್ನಿಸಿದಂತಾಯಿತು. ಹಿಂದಿನವರಿಗೆ ಇದು ತಿಳಿಯದ ಸಂಗತಿಯಲ್ಲ. ಮುಂಬಯಿಯ ಕಡೆಯ ರೈಲುದಾರಿಯೂ ಮದರಾಸಿನ ಕಡೆಯದೂ ನಮ್ಮ ರಾಯಚೂರಿನಲ್ಲಿಯೇ 1871ರಲ್ಲಿ ಕೂಡಿಕೊಂಡವು. ಉಗಿಬಂಡಿಗಳ ಕಾಲದಲ್ಲಿ ಬಾಯ್ಲರುಗಳನ್ನು ಆಗಾಗ ಬರಿದುಮಾಡಿ ಒಳಗಿನ ಕಲ್ಲುಸುಣ್ಣವನ್ನು ತೊಳೆಯುವುದು ರೈಲಿನವರ ನಿಯಮದ ಕೆಲಸವಾಗಿದ್ದಿತು. ಇಂದಿಗೂ ಶಕ್ತಿನಗರದಲ್ಲಿ, 1985ರಿಂದ ವಿದ್ಯುತ್ತು ಕೊಡುತ್ತಿರುವ ಉಷ್ಣ ಸ್ಥಾವರದವರು ಕೃಷ್ಣೆಯ ದಡದಲ್ಲಿಯೇ ಇದ್ದರೂ ನದಿಯ ನೀರನ್ನು ಹಾಗೆಯೇ ಬಾಯ್ಲರಿಗೆ ಬಿಡುವುದಿಲ್ಲ. ಅದರ ಲವಣಗಳನ್ನೆಲ್ಲ ತೆಗೆದೇ ಬಿಡುತ್ತಾರೆ. ಆ ಸ್ಥಾವರದ ಗೋಪುರಗಳನ್ನು ನೋಡುತ್ತ ನಾವು ವರ್ಷಗಟ್ಟಲೆ ಓಡಾಡಿದೆವು.

ಮತ್ತೆ ಹಳೆಯ ಹಸಿರು ದ್ರವವನ್ನೇ ತುಂಬಿಸಬೇಕೋ, ದೀರ್ಘಕಾಲ ಬಾಳುವ ಹೊಸ ಬಗೆಯ ಕೂಲೆಂಟಿಗೆ ಹೋಗಬೇಕೋ ಎಂಬ ಪ್ರಶ್ನೆ ಬಂದಿತು. ಹಳೆಯ ಬಗೆಯಲ್ಲಿ ಸಿಲಿಕೇಟು, ನೈಟ್ರೈಟು ಮೊದಲಾದ ಲವಣಗಳೇ ಕಾವಲುಗಾರರು. ಅವು ಬೇಗನೆ ಕೆಲಸಕ್ಕೆ ಬರುತ್ತವೆ, ಬೇಗನೆ ಸವೆಯುತ್ತವೆ. ದೊಡ್ಡ ಡೀಸೆಲ್ ಯಂತ್ರಗಳಲ್ಲಿ ಆಗಾಗ ಪರೀಕ್ಷೆಯ ಕಾಗದವನ್ನು ಅದ್ದಿ ನೋಡಿ, ಕಡಮೆಯಾದಷ್ಟು ರಕ್ಷಕ ದ್ರವ್ಯವನ್ನು ಮತ್ತೆ ಸೇರಿಸಬೇಕು. ಎರಡು ವರ್ಷಕ್ಕೋ ಏನೋ ಎಲ್ಲವನ್ನೂ ಬದಲಿಸಬೇಕು. ಹೊಸ ಬಗೆಯಲ್ಲಿ ಸಾವಯವ ಆಮ್ಲಗಳಿಂದಾದ ರಕ್ಷಕಗಳಿರುತ್ತವೆ. ಅವು ಇಡೀ ಲೋಹದ ಮೇಲೆ ಸುಣ್ಣ ಬಳಿದಂತೆ ಹರಡುವುದಿಲ್ಲ; ಎಲ್ಲಿ ಕೊರೆತ ಪ್ರಾರಂಭವಾಗುವುದೋ ಅಲ್ಲಿಗೆ ಹೋಗಿ ಕೂಡುತ್ತವೆ. ಅದರಿಂದಲೇ ಬಹಳ ನಿಧಾನವಾಗಿ ವೆಚ್ಚವಾಗಿ ಲಕ್ಷಗಟ್ಟಲೆ ಕಿಲೋಮೀಟರು ಬಾಳುತ್ತವೆ. ಅವಧಿಯು ಕಂಪನಿಯಿಂದ ಕಂಪನಿಗೆ ಬೇರೆ. ಡಬ್ಬಿಯ ಮೇಲಿನ ಮಾತಿಗಿಂತ ಯಂತ್ರ ಮಾಡಿದವರ ಪುಸ್ತಕದ ಮಾತನ್ನು ನಂಬುವುದು ಲೇಸು. ಬಣ್ಣವನ್ನು ನಂಬುವುದು ಮಾತ್ರ ಸರ್ವಥಾ ಸಲ್ಲದು. ಕೆಂಪೆಲ್ಲ ಒಂದೇ ಅಲ್ಲ, ಹಸಿರೆಲ್ಲ ಒಂದೇ ಅಲ್ಲ. ಬಣ್ಣವು ಮಾರುವವರ ಇಚ್ಛೆ. ಹಳೆಯದರ ಮೇಲೆ ಹೊಸದನ್ನು ಬೆರೆಸಿದರೆ ಹೊಸದರ ದೀರ್ಘಾಯುಷ್ಯವು ಅಲ್ಲಿಗೇ ಮುಗಿಯಿತು. ಕೊಟ್ಟ ಹೆಚ್ಚಿನ ಬೆಲೆಯು ವ್ಯರ್ಥ.

ನಮ್ಮ ಉಸ್ತಾದರ ಹಟವೇನೆಂದರೆ, ಮೊದಲು ಸೋರಿಕೆ, ಆಮೇಲೆ ಕೂಲೆಂಟು. ನೀರು ನಿಲ್ಲದ ಕೆರೆಗೆ ಹಾಲು ತುಂಬಿಸಿದಂತಾದೀತು ಎಂದರು. ಪಂಪು ಬದಲಾಯಿತು, ರೇಡಿಯೇಟರನ್ನು ಬಿಚ್ಚಿ ಕೊಳವೆಗಳನ್ನು ಬಿಡಿಸಿ ಬೆಸೆದರು, ಹೊಸ ಮುಚ್ಚಳ, ಹೊಸ ಥರ್ಮೋಸ್ಟಾಟು, ಹೊಸ ಹೋಸ್ ಪೈಪುಗಳು ಬಂದವು. ಒಳಗಿನ ಸುಣ್ಣವನ್ನು ಕರಗಿಸಲು ನಿಂಬೆಯ ಜಾತಿಯ ಆಮ್ಲದ ನೀರನ್ನು ಓಡಿಸಿದರು. ಹಂಡೆಯ ಹುಣಸೆಹಣ್ಣೇ ಸರಿ, ವೇಷ ಬೇರೆ! ಆಮೇಲೆ ಒಳ್ಳೆಯ ನೀರಿನಿಂದ ನಾಲ್ಕು ಸಲ, ಹೊರಬಂದ ನೀರು ಗಾಜಿನ ಲೋಟದಲ್ಲಿ ತಿಳಿಯಾಗಿ ಕಾಣುವ ತನಕ ತೊಳೆದರು. ಕೊನೆಗೆ ಲವಣರಹಿತ ನೀರಿನೊಡನೆ ಮೊದಲೇ ಬೆರೆಸಿ ಸಿದ್ಧವಾಗಿದ್ದ ಕೆಂಪು ದ್ರವವನ್ನು, ಸುಮಾರು ಇಪ್ಪತ್ತೈದು ಲೀಟರು, ನಿಧಾನವಾಗಿ ಗಾಳಿ ಸಿಕ್ಕದಂತೆ ತುಂಬಿದರು. ಹಸಿರು ದ್ರವದ ಎರಡು ಪಾಲಿಗೆ ಹತ್ತಿರ ಬೆಲೆ ಬಿದ್ದಿತು.

ಐದನೆಯ ದಿನ ಬೆಳಿಗ್ಗೆ ಲಾರಿಯ ಕೆಳಗೆ ಕೆಂಪು ಹನಿಗಳು! ನಾವು ಎದೆಯೊಡೆದುಕೊಂಡೆವು. ಹಳೆಯ ನೀರು ಸೋರುತ್ತಿದ್ದಷ್ಟೇ, ಈ ದುಬಾರಿಯ ನೀರೂ ಸೋರುವುದಾದರೆ ಇದೆಲ್ಲ ಮೋಸವೆಂದು ಕೂಗಿಕೊಂಡೆವು. ಕಾಕಾ ಅವರು ನಮಗೆ ಉತ್ತರ ಕೊಡಲಿಲ್ಲ. ಮರುದಿನ ನಸುಕಿನ ನಾಲ್ಕಕ್ಕೆ ಬಂದು, ಯಂತ್ರವು ತಣ್ಣಗಿರುವಾಗಲೇ, ಬ್ಯಾಟರಿಯ ಬೆಳಕಿನಲ್ಲಿ ಲಾರಿಯ ಕೆಳಗೆ ಮಲಗಿ ನೋಡಿದರು. ಹನಿಯು ಮೇಲಿನ ಹೋಸ್ ಪೈಪಿನ ಕೂಡಿನಲ್ಲಿತ್ತು. ಹೊಸ ರಬ್ಬರು ಬಿಸಿಗೆ ಮೆತ್ತಗಾಗಿ ಕುಳಿತುಕೊಂಡಿದ್ದರಿಂದ ಬಿಗಿಯು ಸಡಿಲವಾಗಿ, ರಾತ್ರಿಯ ತಂಪಿನಲ್ಲಿ ಲೋಹವು ಕುಗ್ಗಿದಾಗ ಎಡೆಯು ತೆರೆಯುತ್ತಿದ್ದಿತು. ಹಗಲು ಯಂತ್ರ ಕಾದು ಹಿಗ್ಗಿದಾಗ ತಾನೇ ಮುಚ್ಚಿಕೊಳ್ಳುತ್ತಿದ್ದಿತು. ಮಧ್ಯಾಹ್ನ ಹುಡುಕಿದ್ದರೆ ಸಿಕ್ಕುತ್ತಿರಲಿಲ್ಲ. ಸ್ಪ್ರಿಂಗುಳ್ಳ, ಕುಗ್ಗಿದರೂ ಹಿಗ್ಗಿದರೂ ಸಮಾನವಾಗಿ ಬಿಗಿಯುವ ಕ್ಲಾಂಪನ್ನು ಹಾಕಿಸಿದ ಮೇಲೆ ಅದು ನಿಂತಿತು.

ಆದರೂ ತೊಟ್ಟಿಯ ಮಟ್ಟವು ವಾರಕ್ಕೆ ಬೆರಳಿನಗಲ ಇಳಿಯುತ್ತಿದ್ದಿತು. ಈ ಸಲ ಉಸ್ತಾದರು ಕೈಪಂಪನ್ನು ಮುಚ್ಚಳದ ಜಾಗಕ್ಕೆ ಕೂಡಿಸಿ, ಮುಚ್ಚಳಕ್ಕೆ ಹೇಳಿದಷ್ಟೇ ಒತ್ತಡವನ್ನು ಏರಿಸಿ, ಮುಳ್ಳನ್ನು ನೋಡುತ್ತ ಕುಳಿತರು. ಮುಳ್ಳು ಮೆಲ್ಲನೆ ಇಳಿಯಿತು. ರೇಡಿಯೇಟರಿನ ಕೆಳ ಅಂಚಿನಲ್ಲಿ ಕೂದಲೆಳೆಯಂಥ ಸೀಳು. ಅದನ್ನು ಇಷ್ಟು ದಿನ ಸುಣ್ಣವೂ ಅರಿಶಿಣವೂ ಸೇರಿ ಮುಚ್ಚಿದ್ದವು. ಒಳಗನ್ನು ತೊಳೆದ ಮೇಲೆ ಅದು ಬಯಲಾಯಿತು. ಹೊಸ ಕೂಲೆಂಟು ಹಾಕಿದ ಮೇಲೆ ಸೋರತೊಡಗಿತೆಂದು ದೂರುವವರಲ್ಲಿ ಅನೇಕರ ಕಥೆಯು ಹೀಗೆಯೇ ಇರಬೇಕೆಂದು ನಮಗೆ ತೋರುತ್ತದೆ.

ಅರಿಶಿಣವನ್ನು ನಾವು ಹಳಿಯುವುದಿಲ್ಲ. 2024ರ ಆಗಸ್ಟಿನಲ್ಲಿ ತುಂಗಭದ್ರೆಯ ಅಣೆಕಟ್ಟಿನ 19ನೆಯ ಗೇಟು ಕೊಚ್ಚಿಹೋದಾಗ ಮಾನ್ವಿಯ ರೈತರ ಉಸಿರು ನಿಂತಂತಾಗಿತ್ತು. ಹರಿಯುವ ನೀರಿನಲ್ಲಿಯೇ ತಾತ್ಕಾಲಿಕವಾದ ಉಕ್ಕಿನ ಹಲಗೆಗಳನ್ನು ಇಳಿಸಿ ನೀರನ್ನು ತಡೆದರು, ಬೆಳೆಯು ಉಳಿಯಿತು. ಆದರೆ ಅವುಗಳನ್ನು ಇಳಿಸಿದವರು ಅದೇ ಶಾಶ್ವತವಾದ ಗೇಟೆಂದು ಯಾರಿಗೂ ಹೇಳಲಿಲ್ಲ. ದಾರಿಯಲ್ಲಿ ಸಿಕ್ಕಿಬಿದ್ದವನು ಅರಿಶಿಣ ಹಾಕಿ ಊರು ಸೇರಲಿ. ಊರು ಸೇರಿದ ಮೇಲೆ ರೇಡಿಯೇಟರನ್ನು ಬಿಚ್ಚಿಸಲಿ. ನಾವು ಊರು ಸೇರಿದ ಮೇಲೂ ಇನ್ನೊಂದು ಚಮಚ ಹಾಕಿದೆವು.

ಮಕ್ಕಳಿರುವ ಮನೆಯವರೆಲ್ಲರೂ ದಯಮಾಡಿ ಲಕ್ಷ್ಯವಿಡಬೇಕಾದ ಒಂದು ಸಂಗತಿಯುಂಟು. ಉಳಿದ ಕೆಂಪು ದ್ರವವನ್ನು ನಾವು ಕುಡಿಯುವ ನೀರಿನ ಖಾಲಿ ಬಾಟಲಿಗೆ ತುಂಬಿ ಜಗುಲಿಯ ಮೂಲೆಯಲ್ಲಿಟ್ಟಿದ್ದೆವು. ನೋಡಲಿಕ್ಕೆ ಥೇಟು ಗುಲಾಬಿಯ ಶರಬತ್ತು. ನಮ್ಮ ತಮ್ಮನ ಐದು ವರ್ಷದ ಮಗನು ಬಿಸಿಲಿನಿಂದ ಆಡಿಬಂದವನು ಅದರ ಬಿರಡೆಯನ್ನು ತಿರುಗಿಸುತ್ತಿದ್ದುದನ್ನು ಮನೆಯಾಕೆಯು ಅಡಿಗೆಮನೆಯ ಬಾಗಿಲಿನಿಂದ ಕಂಡು ಓಡಿಬಂದು ಕಸಿದುಕೊಂಡಳು. ಎಥಿಲೀನ್ ಗ್ಲೈಕಾಲ್ ಸಿಹಿಯಾಗಿರುತ್ತದೆ. ಅದೇ ಅದರ ದ್ರೋಹ. ಸ್ವಲ್ಪ ಹೊಟ್ಟೆಗೆ ಹೋದರೂ ಮೊದಲು ಅಮಲೇರಿದಂತಾಗಿ, ಆಮೇಲೆ ಮೂತ್ರಪಿಂಡಗಳು ಕೆಟ್ಟು ಪ್ರಾಣಕ್ಕೆ ಬರುತ್ತದೆ. ಕುಡಿದರೆಂಬ ಸಂದೇಹ ಬಂದರೂ ಸಾಕು, ಲಕ್ಷಣಗಳಿಗಾಗಿ ಕಾಯದೆ, ಮನೆಯ ಮದ್ದು ಮಾಡದೆ, ಡಬ್ಬಿಯನ್ನೂ ಜೊತೆಗೆ ಹಿಡಿದುಕೊಂಡು ದೊಡ್ಡ ಆಸ್ಪತ್ರೆಗೆ ಓಡಬೇಕು. ಬೇಗ ಹೋದರೆ ಮದ್ದುಂಟು. ನಾಯಿ, ಕುರಿ, ಕರುಗಳೂ ಸಿಹಿಗೆ ಮೋಸಹೋಗಿ ನೆಲದ ಮೇಲಿನ ಕೊಚ್ಚೆಯನ್ನು ನೆಕ್ಕುತ್ತವೆ. ಆದುದರಿಂದ ಹಳೆಯದನ್ನು ಚರಂಡಿಗೂ ಹೊಲಕ್ಕೂ ಚೆಲ್ಲದೆ ಡಬ್ಬಿಯಲ್ಲಿ ಹಿಡಿದು ಗ್ಯಾರೇಜಿಗೇ ಒಪ್ಪಿಸಬೇಕು. ಆ ಸಂಜೆ ಮನೆಯಾಕೆಯು ಬೈದಳು. ಬಿಲ್ವಾರಗಳ ದಿನ ಬೈಯದೆ ಉಳಿಸಿಕೊಂಡದ್ದೆಲ್ಲವೂ ಅದರಲ್ಲಿ ಸೇರಿತ್ತು. ಈಗ ಮೂಲ ಡಬ್ಬಿಯು, ಅದರ ಚೀಟಿಯ ಸಮೇತ, ಬೀರುವಿನಲ್ಲಿ ಬೀಗದೊಳಗಿದೆ. ಕೀಲಿಯು ಅವಳ ಸೊಂಟದಲ್ಲಿದೆ.

ನಮ್ಮಂಥ ಒಂದೆರಡು ಗಾಡಿಗಳವರು ಈಗ ನಮ್ಮನ್ನು ಕೇಳುವುದುಂಟು, ಎಲ್ಲರೂ ಈ ದೀರ್ಘಾಯುಷ್ಯದ ದ್ರವಕ್ಕೆ ಹೋಗಬೇಕೇ ಎಂದು. ನಾವು ಹೂಂ ಎನ್ನುವುದಿಲ್ಲ. ದಿನಬಿಟ್ಟು ದಿನ ತುಂಬಬೇಕಾದ ಗಾಡಿಗೆ ಅದನ್ನು ಹೊಯ್ಯುವುದು ಹಣವನ್ನು ರಸ್ತೆಗೆ ಸುರಿದಂತೆ. ಸೀಸದ ಬೆಸುಗೆಯ ಹಳೆಯ ಹಿತ್ತಾಳೆಯ ರೇಡಿಯೇಟರುಗಳಿಗೆ ಎಲ್ಲ ಹೊಸ ದ್ರವಗಳೂ ಒಗ್ಗುವುದಿಲ್ಲ. ಪುಸ್ತಕವನ್ನೋ ಕಂಪನಿಯವರನ್ನೋ ಕೇಳಿಯೇ ಹಾಕಬೇಕು. ಹಸಿರನ್ನೇ ಹಾಕಿ ಕಾಲಕಾಲಕ್ಕೆ ಬದಲಿಸುವ ಶಿಸ್ತುಳ್ಳವರಿಗೆ ಅದೂ ಸಾಕು. ನಮಗೆ ಆ ಶಿಸ್ತಿಲ್ಲವೆಂಬುದು ಎಂಟು ವರ್ಷದಲ್ಲಿ ಸಿದ್ಧವಾಗಿದ್ದುದರಿಂದ ನಾವು ಕೆಂಪನ್ನು ಆರಿಸಿದೆವು. ದಾರಿಯಲ್ಲಿ ಬೇಕಾದೀತೆಂದು ಅದೇ ದ್ರವದ ಐದು ಲೀಟರಿನ ಡಬ್ಬಿಯೊಂದು ಲಾರಿಯ ಸೀಟಿನ ಹಿಂದೆ ಕಟ್ಟಿದೆ. ಕಳೆದ ವರ್ಷದಲ್ಲಿ ಅದರಿಂದ ತೆಗೆದುದು ಒಂದು ಲೀಟರಿಗೂ ಕಡಮೆ.

ಕಾಕಾ ಅವರು ಪ್ರತಿ ರಾತ್ರಿ ಲಾರಿಯನ್ನು ನಿಲ್ಲಿಸಿದ ಮೇಲೆ ಯಂತ್ರದ ಕೆಳಗೆ ಹಳೆಯ ವೃತ್ತಪತ್ರಿಕೆಯನ್ನು ಹಾಸುತ್ತಾರೆ. ಬೆಳಿಗ್ಗೆ ಬಂದೊಡನೆ ಅದನ್ನೆತ್ತಿ ಬೆಳಕಿಗೆ ಹಿಡಿದು, ಸುದ್ದಿ ಓದುವವರಂತೆ ಅಡ್ಡಕ್ಕೂ ಉದ್ದಕ್ಕೂ ನೋಡುತ್ತಾರೆ. 2023ರ ಮಳೆಗಾಲದ ಒಂದು ಬೆಳಿಗ್ಗೆ ನಾವು ಚಹದ ಲೋಟಗಳನ್ನು ಹಿಡಿದು ಹಿತ್ತಲಿಗೆ ಹೋದಾಗ ಅವರು ಆ ಕಾಗದವನ್ನು ಮಡಿಸುತ್ತ, “ಒಂದು ಹನಿ ಇಲ್ಲ ನೋಡು, ತಮ್ಮಾ” ಎಂದರು. ತಾವು ಏನೆಂದು ಕರೆದೆವೆಂಬುದು ಅವರಿಗೆ ತಿಳಿದಿತ್ತೋ ಇಲ್ಲವೋ. ನಾವು ತಿರುಗಿ ಕೇಳಲಿಲ್ಲ, ಚಹವನ್ನು ಕೊಟ್ಟೆವು.

ಬಿಲ್ವಾರಗಳೆರಡೂ ಬ್ಯಾಂಕಿನಿಂದ ಮನೆಗೆ ಬಂದಿವೆ. ಪಾಟ್ಲಿಗಳು ಇನ್ನೂ ಬರಬೇಕಾಗಿದೆ.